ನೆಗ್ಗು

ರೋಸ್ಲಿನ್, ಉಪ್ಪಳ್ಳಿಯಲ್ಲಿ ರೂಮು ಹಿಡಿದೆಯಂತೆ.
ಟೀ ಮಾಡೋಕೆ ಏನೇನು ತಗೊಳ್ಳಲಿ ಅಕ್ಕ ಅಂತ
ಬೀಜ ಆರಿಸುವ ಮೇಜಿನ ಆ ತುದಿಯಿಂದ ಕೇಳಿದೆ.
ಕ್ಯೂರಿಂಗ್ ಯಂತ್ರದ ಸದ್ದಿಗೆ ನನ್ನ ಉತ್ತರ
ಅರ್ಧ ದಾರಿಯಲ್ಲೇ ಬಿದ್ದುಹೋಯಿತು.
ಇದು ಉಳಿದರ್ಧ.

ಮೊದಲು ನಗಬೇಡ. ದಿನಕ್ಕೆ ಎಂಟು ಗಂಟೆ
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದ ಬೀಜ ಎಂದು
ಕಾಫಿಯನ್ನೇ ಬೆರಳಲ್ಲಿ ತಡಕುವವರು
ಮನೆಗೆ ಹೋಗಿ ಟೀ ಕುಡಿಯುವುದು ಚಿಕ್ಕಮಗಳೂರಿಗೆ ಹೊಸದಲ್ಲ.
ಮಿಠಾಯಿ ಅಂಗಡಿಯವನು ಮನೆಯಲ್ಲಿ
ಉಪ್ಪಿನಕಾಯಿ ನೆಕ್ಕುವುದಿಲ್ಲವೆ?

ಪಾತ್ರೆ ಒಂದು. ಅಲ್ಯೂಮಿನಿಯಂ ಸಾಕು,
ಸಂತೆಯಲ್ಲಿ ತೂಕಕ್ಕೆ ಕೊಡುತ್ತಾರೆ.
ಹಿಡಿ ಇರುವುದು ಬೇಡ. ಹಿಡಿ ಮೊದಲು ಸಡಿಲವಾಗುತ್ತದೆ,
ಆಮೇಲೆ ಬಿಸಿಯಾಗುತ್ತದೆ, ಕಡೆಗೆ ಕೈಕೊಡುತ್ತದೆ.
ಹೆಸರು ಬೇಡ, ಕೆಲವು ಮೇಸ್ತ್ರಿಗಳ ಹಾಗೆ.

ಇಕ್ಕಳಕ್ಕೆ ಮಾತ್ರ ಜಿಪುಣತನ ಮಾಡಬೇಡ.
ಹಲ್ಲು ಸರಿಯಾಗಿ ಕೂರಬೇಕು, ಅಂಗಡಿಯಲ್ಲೇ
ನೀರು ತುಂಬಿದ ಬೋಗುಣಿ ಎತ್ತಿ ನೋಡು.
ಸೆರಗಲ್ಲೇ ಇಳಿಸ್ತೀನಿ ಬಿಡಿ ಅಂದವಳು ನಾನು,
ಮಣಿಕಟ್ಟಿನ ಮೇಲಿದೆ ನೋಡು
ಮೂಡಿಗೆರೆ ತಾಲ್ಲೂಕಿನ ನಕಾಶೆಯಂಥ ಕಲೆ.

ಸೋಸುವುದಕ್ಕೆ ಪ್ಲಾಸ್ಟಿಕ್ ಬೇಡ,
ಒಂದು ದಿನ ಉರಿಗೆ ತಾಗಿ ಬಾಯಿ ಸೊಟ್ಟ ಮಾಡಿಕೊಳ್ಳುತ್ತದೆ.
ಸ್ಟೀಲಿನ ಜಾಲರಿ ತಗೊ.
ಡಬ್ಬಿಗೆ ಬಿಗಿ ಮುಚ್ಚಳ. ಕೆಲಸದ ಸೀರೆ ಬಿಚ್ಚಿ,
ಕೊಡವಿ, ಕೈ ತೊಳೆದ ಮೇಲೆಯೇ ಅದನ್ನು ತೆಗೆ:
ಟೀ ಏನನ್ನಾದರೂ ಸಹಿಸುತ್ತದೆ,
ಇನ್ನೊಬ್ಬರ ವಾಸನೆಯನ್ನಲ್ಲ.

ಶುಂಠಿ ಜಜ್ಜಲು ಒಂದು ಗುಂಡುಕಲ್ಲು.
ನನ್ನದು ಯಗಚಿ ದಂಡೆಯಲ್ಲಿ ಹೆಕ್ಕಿದ್ದು, ಬಿಟ್ಟಿ.

ಇನ್ನು ಅಳತೆ.

ನನ್ನ ಪಾತ್ರೆಗೆ ಒಂದು ನೆಗ್ಗಿತ್ತು,
ಹೆಬ್ಬೆರಳು ಕೂರುವಷ್ಟು.
ಮನೆ ಬದಲಾಯಿಸುವಾಗ ಆಟೋದಿಂದ ಬಿದ್ದದ್ದಿರಬೇಕು.
ನೀರು ನೆಗ್ಗಿನ ಕೆಳತುಟಿಗೆ,
ಹಾಲು ಮೇಲ್ತುಟಿಗೆ. ಅಷ್ಟೇ ನನ್ನ ಲೆಕ್ಕ.
ಹನ್ನೊಂದು ವರ್ಷ, ಒಂದು ದಿನ ಲೋಟ ಹಿಡಿದು ಅಳೆದವಳಲ್ಲ.

ಮೈದುನ ಮೋನಪ್ಪಾಚಾರಿ ಗೊತ್ತಲ್ಲ,
ಟಿಂಕರಿಂಗ್ ಶೆಡ್ಡಿನವನು,
ಎಸ್ಟೇಟ್ ಜೀಪುಗಳ ಪಕ್ಕೆಲುಬು ನೇರ ಮಾಡುವವನು.
ಒಂದು ಭಾನುವಾರ ಬಂದ, ಪಾತ್ರೆ ನೋಡಿದ,
"ಅತ್ತಿಗೆ, ಇದೇನಿದು ಅವಸ್ಥೆ" ಅಂದ.
ನಾನು ಹಾಲು ತಂದು ತಿರುಗುವಷ್ಟರಲ್ಲಿ
ಒಳಗಿನಿಂದ ಮರದ ಸುತ್ತಿಗೆ, ಟಕ ಟಕ ಟಕ.
ಹೊಸ ನಂಬರ್ ಪ್ಲೇಟ್ ಹಾಕಿಸಿಕೊಂಡಂತೆ
ಕೂತಿತ್ತು ಪಾತ್ರೆ.
ಉಪಕಾರ ಮಾಡಿದವನನ್ನು ಬೈಯಲಾಗುತ್ತದೆಯೆ?
ಟೀ ಮಾಡಿ ಕೊಟ್ಟೆ.
ಅದೇ ಕೆಟ್ಟಿತ್ತು.

ಸೋಮವಾರ ನೀರು ಹೆಚ್ಚು. ಮಂಗಳವಾರ ಹಾಲು.
ಬುಧವಾರ ಗಂಡ ಲೋಟ ಕೆಳಗಿಟ್ಟು, ಏನೂ ಅನ್ನದೆ,
ಚಪ್ಪಲಿ ಮೆಟ್ಟಿ ಮೂಲೆ ಅಂಗಡಿಗೆ ನಡೆದ.
ಶುಕ್ರವಾರ ಗೆರೆ ಹಾಕಿದ ಅಳತೆ ಲೋಟ ತಂದೆ,
ಔಷಧಿ ಕುಡಿದ ಹಾಗಿತ್ತು.

ಶನಿವಾರ ರಾತ್ರಿ, ಎಲ್ಲ ಮಲಗಿದ ಮೇಲೆ,
ಶುಂಠಿ ಕಲ್ಲು ಹಿಡಿದು ಪಾತ್ರೆಯ ಎದುರು ಕೂತೆ.
ಎಲ್ಲಿತ್ತು?
ಕಣ್ಣಿಗೆ ಗೊತ್ತಾಗಲಿಲ್ಲ. ಹೆಬ್ಬೆರಳಿಗೆ ಗೊತ್ತಿತ್ತು.
ಒಂದೇ ಏಟು.
ಗೋಡೆಯಾಚೆಯಿಂದ ಜುಬೇದಮ್ಮ
"ಏನಾಯ್ತೇ?" ಅಂದರು.
"ಹೆಗ್ಗಣ" ಅಂದೆ.

ಈಗಿನ ನೆಗ್ಗು ಹಳೆಯದಕ್ಕಿಂತ ಕೂದಲೆಳೆ ಮೇಲಿದೆ,
ದಿನಾ ಒಂದು ಗುಟುಕು ಹೆಚ್ಚಾಗುತ್ತದೆ.
ಯಾರ ಲೋಟಕ್ಕೂ ಸೇರದ ಆ ಗುಟುಕನ್ನು
ಒಲೆ ಮುಂದೆ ನಿಂತೇ ಕುಡಿಯುತ್ತೇನೆ,
ಪಾತ್ರೆಯಿಂದಲೇ, ನಾಲಿಗೆ ಸುಟ್ಟುಕೊಂಡು.

ಲೋಟ ಎಷ್ಟು ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಭಾನುವಾರ ಮಧ್ಯಾಹ್ನ ಬರುತ್ತೇನೆ,
ಆಗ ನೋಡೋಣ.
ಮೋನಪ್ಪನೂ ಜೊತೆಗೆ ಹೊರಟರೆ
ಪಾತ್ರೆ ಒಳಗಿಡು.